ತಾನಾಗಿ ಬಂದ ನಂಬರು

೧೯ ನವೆಂಬರ್ ೨೦೧೯, ಮಂಗಳವಾರ. ಶಹಾಪುರ

ಮೋನಮ್ಮ ಅಂದ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಹೋಗುತ್ತಲೇ ಇಲ್ಲ.

ಕಾಲುವೆ ಸಂಘದ ನೀರಿನ ಲೆಕ್ಕಕ್ಕೆ ಬರೆದ ಪ್ರೋಗ್ರಾಂನಲ್ಲಿ ದಿನಗಳಿಗೆ ಹೆಸರು ಕೊಟ್ಟೆ, ಬೆಳೆಗಳಿಗೆ ಕೊಟ್ಟೆ, ತೂಬುಗಳನ್ನು ಹಾಗೇ ಬಿಟ್ಟೆ. ಹೆಸರು ಕೊಡದಿದ್ದರೆ ಕಂಪ್ಯೂಟರ್ ತಾನೇ ಪಟ್ಟಿಯ ಮೇಲಿನಿಂದ, ಎಂದರೆ ಕಾಲುವೆಯ ತಲೆಯ ತೂಬಿನಿಂದ, ಒಂದು, ಎರಡು ಎಂದು ನಂಬರು ಹಚ್ಚುತ್ತದೆ. ನನಗೆ ಅದು ಬರೀ ಗುರುತು. ಗೇಟು ನೋಡುವ ಖಾಜಾಮಿಯಾ ಅದನ್ನೇ ಪಾಳಿ ಎಂದುಕೊಂಡು ಮೇಲಿನ ತೂಬಿನಿಂದ ನೀರು ಬಿಡುತ್ತಾ ಬಂದಿದ್ದಾರೆ. ನಮ್ಮಲ್ಲಿ ಮೊದಲ ಪಾಳಿ ತುದಿಯ ಹೊಲದ್ದು. ಇಲ್ಲದಿದ್ದರೆ ಅಲ್ಲಿಗೆ ನೀರೇ ಮುಟ್ಟುವುದಿಲ್ಲ.

ಮಧ್ಯಾಹ್ನ ತುದಿ ತೂಬಿನ ಮೋನಮ್ಮ ಹೊಲದಿಂದ ನೇರ ಆಫೀಸಿಗೇ ಬಂದಳು. ಕಾಲಿಗೆ ಹಸಿ ಮಣ್ಣೇ ಇರಲಿಲ್ಲ.

“ಈ ನಂಬರ ಯಾರು ಹಚ್ಯಾರ, ತಂಗಿ?”

“ಯಾರೂ ಹಚ್ಚಿಲ್ಲ ಯವ್ವಾ, ತಾನೇ ಬರ್ತಾವ.”

“ತಾನಾಗಿ ಬರೋದೆಲ್ಲ ಮ್ಯಾಲಿನವರಿಗೇ ಬರ್ತದ. ನೀರೂ ಹಂಗೇ.”

ಅವಳು ಹೋದ ಮೇಲೆ ತೂಬುಗಳಿಗೆಲ್ಲ ಹೆಸರು ಹಾಕಿದೆ, ಅವಳದನ್ನೇ ಮೊದಲು. ಎಷ್ಟು ಸಲ ತೆಗೆದು ನೋಡಿದರೂ ಸಮಾಧಾನವಿಲ್ಲ. ಹರಿದುಹೋದ ನೀರು ಹೆಸರು ಹಿಡಿದು ಕರೆದರೆ ತಿರುಗಿ ಬರುತ್ತದೆಯೇ? ಮುಂದಿನ ಪಾಳಿಯ ತನಕ ನಿನ್ನ ಶೇಂಗಾ ತಾಳುತ್ತದೇನು ಯವ್ವಾ ಎಂದು ಕೇಳಬೇಕಿತ್ತು.