ಹೆಣ್ಣುಮಕ್ಕಳಿಗೆ ಬರುವುದಿಲ್ಲ ಎಂದುಕೊಂಡ ಕಾಯಿಲೆ

ನನ್ನ ಕಲಕ್ಕನಿಗೆ,

ಫೋನಿನಲ್ಲಿ ಹೇಳಲು ಹೊರಟರೆ ನೀನು "ಸಾರು ಉಕ್ತಾ ಇದೆ ಕಣೇ" ಎಂದು ಇಟ್ಟುಬಿಡುತ್ತೀಯ. ಇದೇ ಊರಿನೊಳಗೆ ಮಾಂಬಲದಿಂದ ಕೋಯಂಬೇಡಿಗೆ ಎಷ್ಟು ಮಹಾ ದೂರ, ಬಂದೇ ಹೇಳಬಹುದಿತ್ತು. ಆದರೆ ನಿನ್ನ ಮುಖ ನೋಡಿದರೆ ನನಗೆ ಅಳು ಬರುತ್ತದೆ. ಆಮೇಲೆ ನೀನೇ ನನ್ನನ್ನು ಸಮಾಧಾನ ಮಾಡುತ್ತಾ ಕೂರುತ್ತೀಯ, ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸತ್ಯಾತ್ಮನ ಕಿಡ್ನಿ ಕೆಡುತ್ತಿದೆ ಎಂದು ಗೊತ್ತಾದಾಗ, ಹದಿನಾರರ ಹುಡುಗನಿಗೆ ಇದು ಎಲ್ಲಿಂದ ಬಂತೆಂದು ಯಾರಿಗೂ ಹೊಳೆಯಲಿಲ್ಲ. ನೀರು ಕುಡಿಯೋದಿಲ್ಲ ಎಂದರು ಅತ್ತೆ. ಹೋಟೆಲ್ ತಿಂಡಿ ಎಂದರು ಇವರು. ಇಂಥ ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರು ಶ್ರೀನಾಥ್ ಮಾತ್ರ ನೀರಿನ ವಿಷಯ ಎತ್ತಲೇ ಇಲ್ಲ. "ನಿಮ್ಮ ತಾಯಿ ಕಡೆ ಚಿಕ್ಕ ವಯಸ್ಸಿಗೇ ಕಿವಿ ಕೇಳದೆ ಹೋದವರು ಯಾರಾದರೂ ಇದ್ದರಾಮ್ಮಾ?" ಎಂದು ಕೇಳಿದರು.

ಕಿಡ್ನಿಗೂ ಕಿವಿಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಗುಂಡಣ್ಣ ಮಾಮ ನನ್ನ ಕಣ್ಣ ಮುಂದೆ ಬಂದ. ಪಟಾಕಿ ಸದ್ದಿಗೆ ಕಿವಿ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳಲ್ಲ, ಮೈಯೆಲ್ಲ ಊದಿಕೊಂಡು ಮದುವೆಗೆ ಮೊದಲೇ ತೀರಿಕೊಂಡನಲ್ಲ, ಅದೇ ಮಾಮ. ಎರಡೂ ಒಂದೇ ಕಾಯಿಲೆಯಿಂದ ಆಗಿರಬೇಕು ಎಂದರು ಡಾಕ್ಟರು. ಕಿಡ್ನಿಯಲ್ಲಿ ರಕ್ತ ಸೋಸುವ ಪೊರೆಗೂ ಕಿವಿಯ ಒಳಗಿನ ಪೊರೆಗೂ ಬೇಕಾದ ನೂಲು ಒಂದೇ ಜಾತಿಯದಂತೆ. ನಮ್ಮ ಮನೆಯವರಲ್ಲಿ ಕೆಲವರಿಗೆ ಆ ನೂಲು ಹುಟ್ಟಿನಿಂದಲೇ ದುರ್ಬಲ. ನನ್ನ ರಕ್ತ ಪರೀಕ್ಷೆ ಮಾಡಿದರು. ಸತ್ಯಾತ್ಮನಿಗೆ ನನ್ನಿಂದ ಬಂದಿತ್ತು. ನನಗೆ ಅಮ್ಮನಿಂದ.

ಅಂದಿನಿಂದ ನನಗೆ ನಿನ್ನ ಕಿಟ್ಟುವಿನದೇ ಹೆದರಿಕೆ. ಅವನ ಉಪನಯನಕ್ಕೆ ಪಂಚೆ ತರಲು ಟಿ. ನಗರಕ್ಕೆ ಹೋಗಿದ್ದಾಗ, ಬೆನ್ನ ಹಿಂದೆಯೇ ಬಸ್ಸು ಹಾರ್ನ್ ಹೊಡೆದರೂ ಅವನು ತಿರುಗಲಿಲ್ಲ. ನಾನೇ ತೋಳು ಹಿಡಿದು ಎಳೆದೆ. "ಎನ್ನಾ ಚಿತ್ತಿ?" ಎಂದು ತಮಿಳಿನಲ್ಲೇ ಈ ಚಿಕ್ಕಮ್ಮನನ್ನು ಕೇಳಿ ನಕ್ಕ. ನಿನಗೆ ಹೇಳಿದೆ. "ನಿನ್ನ ಮಗನ ಕಾಯಿಲೇನ ನನ್ನ ಮಗನಿಗೆ ಅಂಟಿಸಬೇಡ ಲಕ್ಷ್ಮೀ" ಎಂದೆ ನೀನು. ಆಮೇಲೆ ಎಷ್ಟೋ ದಿನ ನಮ್ಮ ನಡುವೆ ಮಾತಿಲ್ಲ. ನನಗೆ ಕೋಪ ಬರಲಿಲ್ಲ ಅಕ್ಕಾ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಬಾಗಿಲು ಹಾಕಿಕೊಳ್ಳುತ್ತಿದ್ದೆನೇನೋ.

ಆದರೂ ನೀನು ಆಸ್ಪತ್ರೆಗೆ ಬಂದೆ. ಒಂದು ಬೆಳಿಗ್ಗೆ ಕಿಟ್ಟುವಿನ ಕೈ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ. ಡಾಕ್ಟರ ಜೊತೆ ಕೆಲಸ ಮಾಡುವ ಮಾನಸ, ಮನೆಯವರೆಲ್ಲರ ರಕ್ತ, ಮೂತ್ರ ಬೇಕು, ನಿಮ್ಮದೂ ಕೊಡಿ ಎಂದಾಗ "ನಂದು ಯಾಕಮ್ಮಾ, ನಾನು ಗಟ್ಟಿಯಾಗೇ ಇದೀನಿ" ಎಂದು ಗೊಣಗಿಕೊಂಡೇ ಕೊಟ್ಟೆ.

ಕಿಟ್ಟುವಿಗೆ ಬಂದಿರಲಿಲ್ಲ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ಅಷ್ಟೇ! ನೀನು ಅಲ್ಲೇ ಅತ್ತುಬಿಟ್ಟೆ. ಸತ್ಯಾತ್ಮ, ಅವನ ಕಿವಿಯೂ ಅಷ್ಟರಲ್ಲಿ ಮಂದವಾಗಿತ್ತಲ್ಲ, ತನ್ನ ಕಿವಿಯ ಮೆಷಿನ್ ಸರಿಮಾಡಿಕೊಳ್ಳುತ್ತಾ ತಮ್ಮನ ಬೆನ್ನಿಗೆ ಗುದ್ದಿ "ತಪ್ಪಿಚ್ಚಿಟ್ಟೆ ಡಾ" ಎಂದ, ನೀನು ಪಾರಾದೆ ಕಣೋ ಎಂದು. ಅಷ್ಟರಲ್ಲಿ ಡಾಕ್ಟರು "ಒಂದು ನಿಮಿಷ ಕೂತ್ಕೊಳ್ಳಿ, ನಿಮ್ಮ ರಿಪೋರ್ಟೂ ಇದೆ" ಎಂದರು. "ನಂದು ಆಮೇಲೆ ನೋಡೋಣ ಡಾಕ್ಟ್ರೇ" ಎಂದು ನೀನು ಮಗನನ್ನು ಕರೆದುಕೊಂಡು ನೇರ ರಾಯರ ಮಠಕ್ಕೆ ಹೋದೆ.

ಡಾಕ್ಟರೇ ಆಮೇಲೆ ನಿನಗೆ ಫೋನು ಮಾಡಿದರು. ಅದನ್ನು ನೀನು ನನಗೆ ಹೇಳಿದ್ದು ಕರಿಬೇವಿನ ರೇಟು ಹೇಳಿದ ಹಾಗೆ. "ನನಗೂ ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಇದೆಯಂತೆ, ಬಿಪಿನೂ ಇದೆಯಂತೆ. ಆದರೆ ಹೆಣ್ಣುಮಕ್ಕಳಿಗೆ ಇದು ಬರೋಲ್ಲ ಅಲ್ವಾ?"

ನಾನೂ ಹಾಗೇ ತಿಳಿದಿದ್ದೆ. ಡಾಕ್ಟರನ್ನು ಕೇಳಿದೆ. ಹೆಂಗಸರು ಬರೀ ದಾಟಿಸುವವರು, ಅವರಿಗೇನೂ ಆಗುವುದಿಲ್ಲ ಎಂದೇ ಮೊದಲು ಅಂದುಕೊಂಡಿದ್ದರಂತೆ. ಇಂಥ ಕುಟುಂಬಗಳನ್ನು ವರ್ಷಗಟ್ಟಲೆ ನೋಡುತ್ತಾ ಬಂದಾಗ ಗೊತ್ತಾಯಿತಂತೆ, ಅವರಲ್ಲೂ ಕೆಲವರಿಗೆ ಬರುತ್ತದೆ, ನಿಧಾನವಾಗಿ, ಸದ್ದಿಲ್ಲದೆ. ಅವರು ಇನ್ನೂ ಹೇಳುತ್ತಿದ್ದರು, ನನಗೆ ಅಮ್ಮನ ಪಾದ ಕಾಣುತ್ತಿತ್ತು. ಊದಿದ ಬೆರಳಿನಲ್ಲಿ ಕಾಲುಂಗುರ ಹೂತುಹೋಗಿ, ಕೊನೆಗೆ ಅಪ್ಪ ಅದನ್ನು ಕತ್ತರಿಸಿ ತೆಗೆಸಿದ್ದು. ಅಡುಗೆಮನೆಯಲ್ಲಿ ನಿಂತು ನಿಂತು ಹಾಗಾಗಿದೆ ಎಂದುಕೊಂಡೆವು. ಅಮ್ಮನ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ.

ಹೋದ ವಾರ ನಿನ್ನ ಮನೆಯಲ್ಲಿ ಪೂಜೆಗೆ ಕೂತಾಗ ನಿನ್ನ ಕಾಲು ನೋಡಿದೆ. ಕಾಲುಂಗುರ ಇರಲಿಲ್ಲ. "ಬಿಗಿಯಾಗ್ತಿತ್ತು ಕಣೇ, ತೆಗೆದಿಟ್ಟೆ" ಎಂದೆ.

ಸೋಮವಾರ ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿದ್ದು ಅದಕ್ಕೇ. ಆಮೇಲೆ, ನಿನ್ನದೇ ಅಲ್ಲದ ಹಾಗಿದ್ದ ದನಿಯಲ್ಲಿ, "ಗುರುವಾರ ಆಸ್ಪತ್ರೆಗೆ ಬರ್ತೀನಿ. ನಿಮ್ಮ ಭಾವನಿಗೆ ಈಗಲೇ ಹೇಳಬೇಡ. ನೀನು ಜೊತೆಗಿರು" ಎಂದೆ. ಅಮ್ಮ ಹೋದಾಗಲೂ ಆ ದನಿ ನಿನ್ನಿಂದ ಬಂದಿರಲಿಲ್ಲ.

ಮಗನ ವಿಷಯದ ಭಯದ ಜೊತೆ ಬದುಕುವುದನ್ನು ನಾನು ಹೇಗೋ ಕಲಿತಿದ್ದೇನೆ. ನಿನ್ನ ವಿಷಯದ ಭಯ ನನಗೆ ಹೊಸದು, ಅದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಈಗಲೇ ಮಾತ್ರೆ ಶುರು ಮಾಡಿದರೆ ಎಷ್ಟೋ ವರ್ಷ ತಡೆಯಬಹುದು ಎನ್ನುತ್ತಾರೆ ಡಾಕ್ಟರು. ವಾಸಿಯಾಗುತ್ತದೆ ಎಂದು ಮಾತ್ರ ಅವರು ಹೇಳುವುದಿಲ್ಲ, ಆ ಮಾತನ್ನು ನಾನೂ ನಿನಗೆ ಹೇಳಲಾರೆ. ನನ್ನ ಮೂತ್ರದಲ್ಲೂ ಪ್ರೋಟೀನ್ ಕಂಡಿದೆ, ನಾನೂ ಅದೇ ಮಾತ್ರೆ ನುಂಗುತ್ತಿದ್ದೇನೆ, ಇಷ್ಟು ಹೇಳಬಲ್ಲೆ.

ಗುರುವಾರ ನೀನು ಮೊದಲು ಆಸ್ಪತ್ರೆ ತಲುಪಿದರೆ ಒಳಗೆ ಹೋಗಬೇಡ, ನಾನು ಬರುವವರೆಗೆ ಬಾಗಿಲ ಹತ್ತಿರವೇ ಇರು. ಧೈರ್ಯ ತಂದುಕೊಳ್ಳಬೇಕು ಅಂತೇನೂ ಇಲ್ಲ ಅಕ್ಕಾ. ಹೆದರಿಕೊಂಡೇ ಬಾ. ನಾನೂ ಹೆದರಿಕೊಂಡೇ ಬರುತ್ತೇನೆ.

ರಾಯರು ನಿನ್ನನ್ನು ನನಗಾಗಿ ಬಹುಕಾಲ ಉಳಿಸಿಕೊಡಲಿ.

ನಿನ್ನ ಬೆನ್ನಿಗೇ ಹುಟ್ಟಿದ,
ಲಕ್ಷ್ಮೀ