ಚೀಟಿ ಕೇಳದ ಬಾಗಿಲು

ಕ್ರಾಸ್‌ಡೀನ್, ನವೆಂಬರ್ ೧೮೫೮

ಮಣ್ಣಿನಡಿ ಮಲಗಿ ಇಂದಿಗೆ ಒಂಬತ್ತು ದಿನವಾದ ಶಸ್ತ್ರವೈದ್ಯ ಲಮ್ಲಿಯವರಿಗೆ,

ನೀವು ಬದುಕಿದ್ದಾಗ ನಿಮಗೆ ಒಂದು ಒಳ್ಳೆಯ ಮಾತು ಬರೆಯಲಿಲ್ಲ. ಈಗಲೂ ಅದಕ್ಕೆಂದು ಕುಳಿತಿಲ್ಲ. ಇವತ್ತು ಹತ್ತು ಗಂಟೆಗೆ ಬಡವರ ಆಸ್ಪತ್ರೆಯ ಸಮಿತಿ ಸೇರುತ್ತದೆ. ನೀವು ಕಿತ್ತುಹಾಕಿದ ಚೀಟಿ ಪದ್ಧತಿ ಮತ್ತೆ ಬರಬೇಕೇ ಎಂಬುದೊಂದೇ ವಿಷಯ. ನಾಲ್ವರು ಬೇಕು ಎನ್ನುತ್ತಾರೆ, ನಾಲ್ವರು ಬೇಡ. ಒಂಬತ್ತನೆಯವನು ನಾನು. ಹೋಗುವ ಮೊದಲು ನಿಮ್ಮೊಡನೆ ಜಗಳ ಮುಗಿಸಿಕೊಳ್ಳಬೇಕು.

ನೀವು ಈ ಊರಿಗೆ ಬರುವ ಮೊದಲು ಸೋಮವಾರ ಬೆಳಗ್ಗೆ ನನ್ನ ಅಚ್ಚುಕೂಟದ ಮೆಟ್ಟಿಲು ಹೇಗಿರುತ್ತಿತ್ತು ಗೊತ್ತೆ? ಆಸ್ಪತ್ರೆಗೆ ವಂತಿಗೆ ಕೊಡುವ ನಮ್ಮಂಥವರ ಸಹಿಯಿದ್ದ ಚೀಟಿ ಇಲ್ಲದೆ ಯಾವ ಬಡವನೂ ಒಳಗೆ ಹೋಗುವಂತಿರಲಿಲ್ಲ. ಆ ಚೀಟಿಯನ್ನು ಅಚ್ಚು ಹಾಕುತ್ತಿದ್ದವನೂ ನಾನೇ. ‘ಇದನ್ನು ತಂದವರು ದಯೆಗೆ ಅರ್ಹರು.’ ಆ ಸಾಲುಗಳ ಅಚ್ಚುಮೊಳೆ ಜೋಡಿಸಿ, ದಾರ ಬಿಗಿದು ಇಟ್ಟವನು ಇಪ್ಪತ್ತು ವರ್ಷ ಬಿಚ್ಚಲಿಲ್ಲ. ನೂಲುವವರು, ನೇಯುವವರು ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ನಿನ್ನೆ ಚರ್ಚಿಗೆ ಹೋಗಿದ್ದೆಯಾ, ಕುಡಿಯುತ್ತೀಯಾ ಎಂದು ವಿಚಾರಿಸಿ ಸಹಿ ಹಾಕುತ್ತಿದ್ದೆ. ಸುಳ್ಳು ಹೇಳಲಾರೆ, ಆ ಬೆಳಗುಗಳು ನನಗೆ ಬಹಳ ಇಷ್ಟವಾಗಿದ್ದವು.

ನೀವು ಬಂದ ವರ್ಷ ಮಾರ್ಥಾ ಓಗ್ಡನ್ ಒಂದು ಬುಧವಾರ ಬಂದಳು. ಗಂಡ ಸೆತ್‌ನ ಬೆರಳಿಗೆ ಗಿರಣಿಯ ತಂತಿ ಚುಚ್ಚಿ ಬಾತಿತ್ತು.

“ಸೋಮವಾರ ಬಾರಮ್ಮ,” ಎಂದೆ.

“ಬೆರಳಿಗೆ ವಾರ ಗೊತ್ತಾಗಲ್ವಲ್ಲ ಯಜಮಾನ್ರೇ.”

ಅಧಿಕಪ್ರಸಂಗ ಎನಿಸಿತು. ವಾಪಸು ಕಳಿಸಿದೆ. ಸೋಮವಾರ ಬಂದಳು, ಸಹಿ ಹಾಕಿಕೊಟ್ಟೆ. ಆ ಸಂಜೆ ನೀವು ರಕ್ತದ ಏಪ್ರನ್ನಿನಲ್ಲೇ ನನ್ನ ಅಂಗಡಿಗೆ ಬಂದು, ಗಿರಾಕಿಗಳೆದುರು ಅಂದಿರಿ: “ಬುಧವಾರ ಬಂದಿದ್ರೆ ಒಂದು ಬೆರಳು ಹೋಗ್ತಿತ್ತು, ಗ್ರೀವ್ಸ್ ಅವರೇ. ಇವತ್ತು ತೋಳೇ ತೆಗೆದೆ.”

ಮರುವಾರ ಆಸ್ಪತ್ರೆಯ ಬಾಗಿಲಿಗೆ ನೀವು ಹಲಗೆ ಹಾಕಿಸಿದಿರಿ: ‘ನೋವಿದ್ದರೆ ಸಾಕು, ಒಳಗೆ ಬನ್ನಿ.’

ನನ್ನ ಮೆಟ್ಟಿಲು ಖಾಲಿಯಾಯಿತು. ನನಗೆ ಸಿಟ್ಟು ಬಂದದ್ದು ನಿಮ್ಮ ಮೇಲೆ, ನನ್ನ ಮೇಲಲ್ಲ. ಪತ್ರಿಕೆಗೆ ಮೂರು ಕಾಗದ ಬರೆದೆ, ಶಿಸ್ತು ಹಾಳಾಯಿತೆಂದು. ನನ್ನ ಹೆಂಡತಿ ಲಿಡಿಯಾ ಓದಿ ನಕ್ಕಳು. “ಶಿಸ್ತಂತೆ. ಬೀದೀಲಿ ಎಲ್ರೂ ಲಮ್ಲಿಗೆ ಟೋಪಿ ತೆಗೀತಾರೆ, ನಿಮ್ಗೆ ತೆಗೆಯಲ್ಲ. ಅಷ್ಟೇ ತಾನೆ?”

ಅಷ್ಟೇ. ಹೊಗೆಸೊಪ್ಪಿನ ಕಲೆಯ ಕೋಟು, ಒರಟು ಮಾತು, ಒಂದು ಪುಸ್ತಕ ಪೂರ್ತಿ ಓದದ ಮನುಷ್ಯ. ನಿಮ್ಮನ್ನು ಕಂಡರೆ ಹೆಂಗಸರು ಕೂಸನ್ನು ಎತ್ತಿ ತೋರಿಸುತ್ತಿದ್ದರು. ನಾನು ಪಕ್ಕದಲ್ಲೇ ಹಾದುಹೋಗುತ್ತಿದ್ದೆ.

ಹೋದ ಚಳಿಗಾಲ ನನ್ನ ಅಂಗೈ ಕೀವುಗಟ್ಟಿತು. ನಿಮ್ಮನ್ನು ಮನೆಗೇ ಕರೆಸಬಹುದಿತ್ತು. ಆದರೆ ನಿಮ್ಮ ಬಾಗಿಲು ಹೇಗಿರುತ್ತದೆಂದು ನೋಡಬೇಕಿತ್ತು. ನನ್ನ ಹೆಸರಿಗೆ ನಾನೇ ಚೀಟಿ ಬರೆದುಕೊಂಡು ಬಂದೆ. ಬಾಗಿಲು ಕಾಯುತ್ತಿದ್ದವನು ಒಂಟಿ ತೋಳಿನ ಸೆತ್ ಓಗ್ಡನ್.

“ಅದನ್ನ ಜೇಬಲ್ಲೇ ಇಟ್ಕೊಳ್ಳಿ ಯಜಮಾನ್ರೇ, ಇಲ್ಲಿ ಅದಕ್ಕೆ ಕೆಲಸ ಇಲ್ಲ. ಏ, ಸ್ವಲ್ಪ ಸರ್ಕೊಳ್ರಪ್ಪ, ಇವ್ರೂ ಕೂರ್ಲಿ.”

ಸರಿದರು. ಮಸಿ ಮೆತ್ತಿದ ಕಲ್ಲಿದ್ದಲಿನವನಿಗೂ ಕೆಮ್ಮುವ ಮುದುಕಿಗೂ ನಡುವೆ ಕುಳಿತೆ. ನೀವು ಕೀವು ತೆಗೆದು ಕಟ್ಟಿದಿರಿ. ಹಳೆಯದನ್ನು ಎತ್ತಿ ಆಡುತ್ತೀರೆಂದು ಕಾದೆ, ಉತ್ತರವನ್ನೂ ಸಿದ್ಧಪಡಿಸಿಕೊಂಡಿದ್ದೆ. ನೀವು ಅಂದದ್ದು ಒಂದೇ: “ಮುಂದಿನವರು ಬನ್ನಿ.” ಬೈಗುಳವನ್ನೂ ನನಗೆ ಕೊಡಲಿಲ್ಲ ನೀವು.

ಆಮೇಲೆ ನೇಕಾರರ ಗಲ್ಲಿಯ ಜ್ವರ ನಿಮಗೇ ತಗುಲಿತು. ನಿಮ್ಮ ಹೆಣದ ಹಿಂದೆ ಇಡೀ ಊರು ನಡೆಯಿತು. ಅಲ್ಲೂ ನಾನು ನನ್ನ ಹಿಂದೆ ಯಾರು ನಡೆಯಬಹುದೆಂದು ಯೋಚಿಸುತ್ತಿದ್ದೆ.

ನಿನ್ನೆ ಸೆತ್ ಬಂದ, ನಿಮ್ಮ ನೆನಪಿನ ಹಾಳೆ ಅಚ್ಚು ಹಾಕಬೇಕಂತೆ. “ಹೆಸರು ದಪ್ಪಗೆ ಹಾಕಿ. ಓದಕ್ಕೆ ಬರದವ್ರಿಗೂ ಕಾಣ್ಬೇಕು.” ದಪ್ಪ ಮೊಳೆಗಳು ಸಾಲಲಿಲ್ಲ. ಉಳಿದವು ಇದ್ದದ್ದು ಒಂದೇ ಕಡೆ, ದಾರ ಬಿಗಿದಿಟ್ಟಿದ್ದ ಆ ಹಳೆಯ ಚೀಟಿಯ ಅಚ್ಚಿನಲ್ಲಿ. ಇವತ್ತು ಬೆಳಗ್ಗೆ ದಾರ ಬಿಚ್ಚಿದೆ. ‘ದಯೆಗೆ ಅರ್ಹರು’ ಎಂಬುದರ ಅಕ್ಷರಗಳು ಈಗ ನಿಮ್ಮ ಹೆಸರಿನಲ್ಲಿವೆ. ಸಮಿತಿಯಲ್ಲಿ ಏನು ಹೇಳಬೇಕೆಂದು ನನ್ನ ಕೈಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಬೇಡ ಎನ್ನುತ್ತೇನೆ. ಆಮೇಲೆ ಟೋಪಿ ತೊಟ್ಟು ಬೀದಿಯಲ್ಲಿ ನಡೆದು ಬರುತ್ತೇನೆ. ಯಾರೂ ನನಗೆ ವಂದಿಸುವುದಿಲ್ಲ.

ಹಾಯಾಗಿ ಮಲಗಿರಿ, ಲಮ್ಲಿಯವರೇ. ನಿಮ್ಮ ಬಾಗಿಲು ತೆರೆದೇ ಇರಲಿ.

ಹೊಟ್ಟೆಕಿಚ್ಚು ಇನ್ನೂ ಆರದ,
ಆಂಬ್ರೋಸ್ ಗ್ರೀವ್ಸ್