ಸಂಪಿಗೆ ಮೊಹಲ್ಲಾದ ಮರಗಳ ಬುಡದ ವಿಚಾರವಾಗಿ

ಮೈಸೂರು, ಹಳೆಯ ಸಂಪಿಗೆ ಮೊಹಲ್ಲಾ.
ಕ್ರಿ.ಶ. ೨೨೧೯, ಹದಿಮೂರನೆಯ ತಿಂಗಳು, ಹೊಂಗೆ ಹೂಬಿಟ್ಟ ದಿನ.

ಇದೇ ಬೀದಿಯಲ್ಲಿ ಇನ್ನೂರು ವರ್ಷಗಳ ಹಿಂದೆ ವಾಸವಾಗಿರುವ ಪೂರ್ವಿಕ ಮಹಾಶಯರ ಸಮಕ್ಷಮಕ್ಕೆ, ಮರಗಾವಲು ಮನೆತನದ ಹಿರಿಯನಾದ ಶಾಂತಮಲ್ಲಯ್ಯನು ಮಾಡಿಕೊಳ್ಳುವ ಅರಿಕೆ.

ಬೇಸಿಗೆಯು ಹನ್ನೆರಡು ತಿಂಗಳುಗಳಲ್ಲಿ ಹಿಡಿಸದೆ ಹೋದದ್ದರಿಂದ ನಾವು ಒಂದು ತಿಂಗಳನ್ನು ಹೆಚ್ಚಿಸಿಕೊಂಡಿದ್ದೇವೆ. ಇಂತಹ ವಿಚಿತ್ರ ಮಾತುಗಳನ್ನು ಮನ್ನಿಸಬೇಕು. ಆ ತಿಂಗಳ ನಡುಹಗಲಿನಲ್ಲಿ ಯಾರೂ ಮನೆಯೊಳಗೆ ಇರುವುದಿಲ್ಲ. ಎಲ್ಲರೂ ತಮ್ಮ ತಮ್ಮ 'ನೆರಳುಪಾಲಿ'ಗೆ ಬರುತ್ತಾರೆ; ಎಂದರೆ, ಬೀದಿಯ ಮರಗಳ ಅಡಿಯಲ್ಲಿ ಪ್ರತಿ ಮನೆಗೂ ಸಲ್ಲುವ ಒಂದು ಚಾಪೆಯಗಲದ ತಂಪು. ನೆರಳು ಸರಿದಂತೆ ಇಡೀ ಬೀದಿಯು ನಿದ್ದೆಗಣ್ಣಿನಲ್ಲೇ ಚಾಪೆಗಳನ್ನು ಮೂಡಲಿಗೆ ಎಳೆದುಕೊಳ್ಳುತ್ತದೆ. ಮಲಗಿದ ಮಕ್ಕಳ ಕೂದಲಿನಲ್ಲಿ ಸಂಪಿಗೆಯ ಎಸಳು ನಿಂತಿರುತ್ತದೆ. ನಂದಿಬಟ್ಟಲಿನ ಬೇಲಿಯಾಚೆ ಯಾರೋ ಕನಸಿನಲ್ಲಿ ಮಾತನಾಡುತ್ತಾರೆ. ಈಚೆಯಿಂದ ಇನ್ನಾರೋ ನಿದ್ದೆಯಲ್ಲೇ ಹೂಂಗುಟ್ಟುತ್ತಾರೆ.

ಈ ಮರಗಳ ಸಾಲುಗಳು ಒಮ್ಮೆ ಅಳಿದುಹೋಗಿದ್ದವು. ತಮ್ಮ ಕಾಲದ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಹೊಂಗೆಯಿದ್ದಲ್ಲಿ ಹೊಂಗೆ, ಸಂಪಿಗೆಯಿದ್ದಲ್ಲಿ ಸಂಪಿಗೆ, ಕಾಂಪೌಂಡಿನುದ್ದಕ್ಕೂ ದಾಸವಾಳ, ಮದರಂಗಿ ಎಂದು ನಮ್ಮ ಮನೆತನದವರೇ ಎಳ್ಳಷ್ಟೂ ತಪ್ಪದೆ ನೆಟ್ಟರು. ಆ ಹೆಮ್ಮೆ ನನಗೆ ಇಂದಿಗೂ ಇದೆ. ಸಿಕ್ಕಿದ ಚಿತ್ರಗಳಲ್ಲೆಲ್ಲ ಮರದ ಬುಡಕ್ಕೆ, ಕಾಂಡವನ್ನು ಅಪ್ಪಿದಂತೆ, ಸಿಮೆಂಟು ಹಾಕಿತ್ತು. ಅದು ತಾವು ಮರಕ್ಕೆ ಸಲ್ಲಿಸಿದ ಮರ್ಯಾದೆಯೆಂದು ಬಗೆದು, 'ಪಾದಪೀಠ'ವೆಂದು ಹೆಸರಿಟ್ಟು, ಮರ ಆಳೆತ್ತರವಾದ ವರ್ಷ ಅರಿಸಿನ ಕುಂಕುಮ ಹಚ್ಚಿ ಸಿಮೆಂಟು ಸುರಿಯುತ್ತ ಬಂದೆವು.

ಈಗ ಮರಗಳು ತುದಿಯಿಂದ ಒಣಗುತ್ತಿವೆ. ನೆರಳುಪಾಲು ಅರ್ಧ ಚಾಪೆಗೆ ಇಳಿದಿದೆ. ಪಾದಪೀಠಗಳನ್ನು ಒಡೆಯೋಣವೆಂದು ನಾನು ಬೀದಿಯ ಸಭೆಯಲ್ಲಿ ಬಿನ್ನವಿಸಿದೆ. ಸಭೆಯ ಯಜಮಾನಿ ಚೆನ್ನಾಜಮ್ಮನವರು ಒಪ್ಪಲಿಲ್ಲ.

"ಅಷ್ಟೊಂದು ಓದ್ಕೊಂಡಿದ್ದೋರು ಸುಮ್‌ಸುಮ್ನೆ ಮರದ ಕತ್ತು ಹಿಸುಕ್ತಿದ್ರಾ ಶಾಂತಮಲ್ಲಯ್ಯನೋರೇ? ಏನೋ ಅರ್ಥ ಇರ್ಬೇಕು. ಬುಡ ಬಿಟ್ಟಿರೋ ಒಂದೇ ಒಂದು ಚಿತ್ರ ತೋರ್ಸಿ, ಹಾರೆ ನಾನೇ ತರ್ತೀನಿ."

ಸಭೆ ನಕ್ಕಿತು. ಅಂತಹ ಚಿತ್ರವನ್ನು ನಾನು ಎಲ್ಲ ಕಡೆಯೂ ಹುಡುಕಿದೆ. ಇಲ್ಲ.

ಆದಕಾರಣ ಪ್ರಾರ್ಥಿಸುವುದೇನೆಂದರೆ, ತಾವು ದಯಮಾಡಿ ಮನೆಯ ಮುಂದಿನ ಒಂದು ಮರದ ಸುತ್ತ ಸಿಮೆಂಟು ಒಡೆದು, ಒಂದು ಮೊಳ ಮಣ್ಣು ಕಾಣಿಸಿ, ಚಿತ್ರ ತೆಗೆದು ಉಳಿಸಬೇಕು. ಪಕ್ಕದಲ್ಲಿ ತಾವೇ ನಿಲ್ಲಬೇಕು. ಇಲ್ಲವಾದರೆ ಅದು ತಾನಾಗಿ ಬಿರಿದದ್ದೆಂದು ಚೆನ್ನಾಜಮ್ಮನವರು ವಾದಿಸುತ್ತಾರೆ. ಚಿತ್ರ ತೆಗೆಯುವವರೆಗೆ ಕೈಯ ಮಣ್ಣನ್ನು ಮಾತ್ರ ತೊಳೆದುಕೊಳ್ಳಬಾರದು.